ವಿಮಾನದ ಮೂಗಿಗೆ ಎರಡು ಕಲ್ಲು

ನಮ್ಮ ಮನೆಗೆ ವೈರು ಇರುವ ಯಾವ ಸಾಮಾನು ಬಂದರೂ, ಆ ವೈರಿನ ಇನ್ನೊಂದು ತುದಿಗೆ ನಗೆಪಾಟಲು ಕಟ್ಟಿಕೊಂಡೇ ಬರುತ್ತದೆ. ಈ ಸಲ ಬಂದದ್ದು ಜಾಯ್‌ಸ್ಟಿಕ್, ಗೇಮಿನ ವಿಮಾನ ಹಾರಿಸುವ ಕೋಲು. ನಿಪ್ಪಾಣಿಯ ಗುಜರಿ ಅಂಗಡಿಯಿಂದ ನಮ್ಮೂರು ಅಕ್ಕೋಳಕ್ಕೆ ತಂದೆ. ಅಣ್ಣ ಮದುವೆ ಫೋಟೊ ಕೂಡಿಸುವ ಕಂಪ್ಯೂಟರಿಗೆ ಚುಚ್ಚಿ, ಯುದ್ಧವಿಮಾನದ ಗೇಮ್ ಹಚ್ಚಿದೆ. ವಿಮಾನವೇನೋ ಹಾರಿತು. ಆದರೆ ಕೈ ಸಡಿಲ ಬಿಟ್ಟರೆ ಸಾಕು, ಅದರ ಮೂಗು ತಾನೇ ಮೇಲೇಳುತ್ತಿತ್ತು, ಹೊಸ ಕಾರು ತಗೊಂಡವರ ಮೂಗಿನ ಹಾಗೆ.

೧. ಎರಡೂ ಬದಿ ಸಮ

ಅಥಣಿಯಲ್ಲಿ ನನ್ನ ಮಾಮಾನ ಮಗ ಇದ್ದಾನೆ. ಅವನು ಇಂಜಿನಿಯರಿಂಗ್ ಓದುತ್ತಾನೆ, ನಾನು ಹತ್ತನೆತ್ತೆ, ಅಂದರೆ ಹತ್ತನೇ ಕ್ಲಾಸು, ಫೇಲು. ಈ ಎರಡು ಸುದ್ದಿಯನ್ನು ನಮ್ಮ ಮಂದಿ ಯಾವಾಗಲೂ ಜೋಡಿಯಾಗೇ ಹೇಳುತ್ತಾರೆ. ಅವನಿಗೆ ಫೋನ್ ಹಚ್ಚಿ ಮೂಗಿನ ತಕರಾರು ಹೇಳಿದೆ.

“ಟ್ರಿಮ್ ಮಾಡಿಲ್ಲೇನಲೇ? ಮೊದಲ ಟ್ರಿಮ್ ಮಾಡು, ಆಮ್ಯಾಲ ಹಾರಸು,” ಅಂದು ಇಟ್ಟುಬಿಟ್ಟ.

ನನಗೆ ಗೊತ್ತಿದ್ದ ಟ್ರಿಮ್ ಒಂದೇ. ವಿಮಾನ ಹಾರಿಸುವವರು ಹೆಲ್ಮೆಟ್ ಹಾಕುತ್ತಾರಲ್ಲ, ಕೂದಲು ಕಡಿಮೆ ಇರಬೇಕು ಅಂತ ರೂಲ್ ಇದ್ದೀತು ಅಂದುಕೊಂಡು ಸೀದಾ ಕಟಿಂಗ್ ಅಂಗಡಿಗೆ ಹೋಗಿ ಬಂದೆ. ಸಂಜೆ ಅವನದೇ ಫೋನ್.

“ಆತೇನು ಟ್ರಿಮ್?”

“ಆತು.”

“ಎರಡೂ ಬದಿ ಸಮ ಬಂತಾ?”

“ಬಂತು. ಹಿಂದೂ ಸ್ವಲ್ಪ ತಗಸೀನಿ.”

“ಮೂಗು ಇಳೀತೇನು?”

“ಮೂಗ್ಯಾಕ ಇಳೀತೈತಿ? ಅಂವ ಬರೇ ಮೀಸಿ ತನಕಾ ಮಾಡ್ತಾನ.”

ಆ ಕಡೆ ಅವನು ನಕ್ಕ ನಗೆಗೆ ಫೋನ್ ಬಿಸಿಯಾಯಿತು. ಮರುದಿನ ಅಥಣಿಯ ನಮ್ಮ ಬಳಗಕ್ಕೆಲ್ಲ ನನ್ನ ಕಟಿಂಗ್ ಸುದ್ದಿ. ಸಾಲದ್ದಕ್ಕೆ ಸವಾಲು ಬೇರೆ: “ದೀಪಾವಳಿಗೆ ಬರ್ತೀನಿ. ಒಂದ ಆಟ. ಸೋತಾಂವ ಗೆದ್ದಾಂವಗ ರಜಾ ಮುಗಿಯೂತನಕ ಎಲ್ಲಾರ ಮುಂದ ‘ಸರ್’ ಅನಬೇಕು.”

ಹುಟ್ಟಿದಾಗಿನಿಂದ ಅವನಿಗೆ ‘ಲೇ’ ಅಂದ ಬಾಯಿ ನನ್ನದು. ಅವನಿಗೆ ‘ರಿ’ ಹಚ್ಚಿ ಮಾತಾಡುವುದಕ್ಕಿಂತ ಇನ್ನೊಮ್ಮೆ ಪರೀಕ್ಷೆಗೆ ಕೂಡುವುದೇ ಹಗುರ. ಆದರೂ “ಆಗಲಿ ಬಾ” ಅಂದೆ.

೨. ಕಾಕಾನ ಹೆಬ್ಬೆರಳು

ಮೂಗು ಮೇಲೇಳಬಾರದು ಅಂದರೆ ಜಾಯ್‌ಸ್ಟಿಕ್ಕಿನ ಕೋಲನ್ನು ಸದಾ ಮುಂದಕ್ಕೆ ಒತ್ತಿ ಹಿಡಿಯಬೇಕು. ಕೈ ಸೋತು ಬರುತ್ತಿತ್ತು. ಹಳೇ ಸೈಕಲ್ ಟ್ಯೂಬ್ ಕೊಯ್ದು ಕೋಲಿಗೆ ಕಟ್ಟಿದೆ. ಇನ್ನೊಂದು ತುದಿ ಕಟ್ಟಲು ಮೇಜಿನ ಆಚೆ ಗೂಟವಿರಲಿಲ್ಲ. ಆದರೆ ಕಾಕಾ ಇದ್ದ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಲೋಡ್ ಖಾಲಿ ಮಾಡಿ ಬಂದು ಮಧ್ಯಾಹ್ನ ಅಡ್ಡಾಗಿದ್ದ. ಅವನ ಕಾಲಿನ ಹೆಬ್ಬೆರಳು ಅಳತೆ ಹಿಡಿದು ಇಟ್ಟಂತೆ ಮೇಜಿನ ಕಡೆಗೇ ಇತ್ತು. ಕಟ್ಟಿದೆ.

ಏನು ನೆಟ್ಟಗೆ ಹಾರಿತು ಅಂತೀರಿ! ಒಂದೇ ತೊಂದರೆ. ಕಾಕಾನಿಗೆ ನಿದ್ದೆಯಲ್ಲೂ ಬ್ರೇಕ್ ಒತ್ತುವ ಚಾಳಿ. ಅವನು ಕನಸಿನಲ್ಲಿ ಬ್ರೇಕ್ ಒತ್ತಿದರೆ ಟ್ಯೂಬ್ ಸಡಿಲಾಗಿ ವಿಮಾನ ಮುಗಿಲಿಗೆ, ಬಿಟ್ಟರೆ ಬಿಗಿಯಾಗಿ ನೆಲಕ್ಕೆ. ಕೊನೆಗೆ ಅವನ ಕಿವಿಯ ಮೇಲೆ ನೊಣ ಕೂತಿತು. ಕಾಲು ಜಗ್ಗಿದ. ವಿಮಾನ ಗುಡ್ಡಕ್ಕೆ ಬಿತ್ತು, ಜಾಯ್‌ಸ್ಟಿಕ್ ಅವನ ಮೊಣಕಾಲಿಗೆ ಬಿತ್ತು.

“ಯಾಂವಲೇ ನನಗ ದನಕ್ಕ ಕಟ್ಟಿದಂಗ ಕಟ್ಟಿದಾಂವ?”

“ಸಿಟ್ಟ ಆಗಬ್ಯಾಡ ಕಾಕಾ. ನೀ ವಿಮಾನ ಹೊಡಿಯಾಕತ್ತಿದ್ದಿ.”

ಎದ್ದು ಕೂತು ಕಣ್ಣು ಒರೆಸಿಕೊಂಡ. “ಹೌದಾ? ಹೆಂಗ ಓಡತು?”

೩. ಕಲ್ಲು ಹಾಕು

ಮೂಗಿನ ಕಥೆ ಕೇಳಿ ಕಾಕಾ, “ಇಷ್ಟ ಹೌದಲ್ಲೋ?” ಅಂದ. “ಹಿಂದ ಟ್ರಾಲ್ಯಾಗ ಕಬ್ಬ ಜಾಸ್ತಿ ಆಗಿ ಏರು ಬಂತಂದ್ರ ನಮ್ಮ ಟ್ರ್ಯಾಕ್ಟರಿನ ಮುಂದಿನ ಗಾಲೀನೂ ಏಳ್ತಾವ. ನಾವೇನ ಸ್ಟೇರಿಂಗ್ ಜೋಡಿ ಕುಸ್ತಿ ಹಿಡಿತೀವೇನು? ಮುಂದ ಎರಡ ಕಲ್ಲ ಕಟ್ಟತೀವಿ. ನಿನ್ನ ವಿಮಾನದ ಕಲ್ಲ ಎಲ್ಲಿ ಐತಿ ಹುಡುಕು.”

ಹುಡುಕಿದೆವು. ಕೋಲಿನ ತಲೆಯ ಮೇಲೆ, ನಾಕೂ ಕಡೆ ಒತ್ತಬಹುದಾದ ಸಣ್ಣ ಗುಂಡಿ ಇತ್ತು. ಸೆಟ್ಟಿಂಗಿನಲ್ಲಿ ಟ್ರಿಮ್ ಅನ್ನುವ ಸಾಲು ಕಂಡಿತು. ಗುಂಡಿ ಮುಂದಕ್ಕೆ ಒತ್ತಿದರೆ ಮೂಗು ಇಳಿಯಬೇಕು, ಹಿಂದಕ್ಕೆ ಒತ್ತಿದರೆ ಏರಬೇಕು ಅಂತ ಹಚ್ಚಿದೆವು. ಮುಂದಕ್ಕೆ ಒಂದು ಸಲ ಒತ್ತಿದರೆ ಒಂದು ಕಲ್ಲು ಹಾಕಿದ ಲೆಕ್ಕ. ವೇಗ ಹೆಚ್ಚಿದರೆ ಕಲ್ಲು ಹಾಕು, ವೇಗ ಇಳಿದರೆ ಕಲ್ಲು ತೆಗೆ. ಅವತ್ತು ಮೊದಲ ಸಲ ಕೈ ಬಿಟ್ಟರೂ ವಿಮಾನ ನೀರಿನ ಮೇಲಿನ ದೋಣಿಯಂತೆ ಹೋಯಿತು.

ಮರುದಿನದಿಂದ ತಾಲೀಮು. ಕಾಕಾ ಹಿಂದೆ ನಿಂತು ಕೂಗುವನು: “ಹಾಕ ಕಲ್ಲ! ಇನ್ನೊಂದ ಹಾಕ! ಈಗ ಹೊಡಿ, ಬಿಡಬ್ಯಾಡ ಅವನ್ನ!”

ಬಾಜೂ ಮನೆಯಾಕೆಗೆ ನಾವು ವೈನಿ, ಅಂದರೆ ಅತ್ತಿಗೆ, ಅನ್ನುತ್ತೇವೆ. ಆ ವೈನಿ ತಲೆ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಬಾಗಿಲಿಗೆ ಬಂದಳು. “ಯಾರ ಜೋಡಿ ಜಗಳರಿ? ಹೇಳಿ ಒಗೀರಿ, ಅಂಗಳದಾಗ ಹಪ್ಪಳ ಹಾಕೀನಿ.”

೪. ಬಲಗೈ

ದೀಪಾವಳಿಗೆ ಮಾಮಾನ ಮಗ ಬಂದ. ತನ್ನ ಲ್ಯಾಪ್‌ಟಾಪ್, ತನ್ನ ಜಾಯ್‌ಸ್ಟಿಕ್. ಎರಡೂ ಕಂಪ್ಯೂಟರಿಗೆ ವೈರು ಹಾಕಿ ಆಟ ಶುರುವಾಯಿತು. ಸುಳ್ಳು ಹೇಳಬಾರದು, ಅವನು ಚಲೋ ಹಾರಿಸುತ್ತಿದ್ದ. ನನ್ನ ಬಲರೆಕ್ಕೆಗೆ ನಾಕು ತೂತು ಬಿದ್ದವು. ‘ಸರ್’ ಅನ್ನುವ ಮಾತು ನನ್ನ ಗಂಟಲಿಗೆ ಬಂದು ಕೂತಿತ್ತು.

ಅಷ್ಟರಲ್ಲಿ ನಾನು ಮೋಡದೊಳಗೆ ನುಗ್ಗಿ ಕಾಣದಾದೆ. ಅವನು ಹುಡುಕುತ್ತ ಕಾಕಾನಿಗೆ ಪಾಠ ಹೇಳತೊಡಗಿದ: “ನೋಡ್ರಿ ಕಾಕಾ, ಟ್ರಿಮ್ ಅಂದ್ರ ಇದು. ಕೈ ಬಿಟ್ರೂ ಅಳ್ಳಾಡಂಗಿಲ್ಲ.”

ಅದನ್ನು ಕೇಳಿ ನಾನು ಅಡಿಗೆಮನೆ ಕಡೆ ಕೂಗಿದೆ: “ಅವ್ವಾ, ಪಾಪ ದೂರದಿಂದ ಬಂದಾನ. ಬೇಸನ್ ಉಂಡಿ ಕೊಡವ್ವ ಅವಂಗ!”

ಅವ್ವ ತಾಟು ತಂದಳು. ಅವನು ಕಣ್ಣು ತೆಗೆಯದೆ ಎಡಗೈ ಚಾಚಿದ.

“ಏ, ಎಡಗೈಲೆ ತಿಂತಾರೇನೋ? ಇಂಜಿನಿಯರ್ ಆದ್ರ ಇದ ಕಲಸ್ತಾರಾ? ಬಲಗೈ ತಾ!”

ಸೋದರತ್ತೆ ಬೈದರೆ ಯಾರು ಕೇಳುವುದಿಲ್ಲ? ಕೋಲು ಬಿಟ್ಟು ಬಲಗೈ ಚಾಚಿದ. ವಿಮಾನ ಅವನು ಹೇಳಿದಂತೆಯೇ ಅಳ್ಳಾಡದೆ, ತಿರುಗದೆ, ಗೆರೆ ಹೊಡೆದಂತೆ ನೆಟ್ಟಗೆ ಹೋಗುತ್ತಿತ್ತು. ಅಂಥದಕ್ಕೆ ಗುರಿ ಇಡಲು ಹತ್ತನೆತ್ತೆ ಪಾಸಾಗಬೇಕಿಲ್ಲ. ಮೋಡದಿಂದ ಅವನ ಬೆನ್ನಿಗೆ ಇಳಿದೆ, ಎರಡು ಕಲ್ಲು ಹಾಕಿದೆ, ಗುಂಡು ಹಾರಿಸಿದೆ. ಬಾಯಿಗೆ ಹಾಕಿದ ಉಂಡಿ ನುಂಗುವ ಮೊದಲೇ ಅವನ ವಿಮಾನದ ಬಾಲ ಉದುರಿತು.

“ಮೋಸ! ಇದು ಮೋಸ!” ಅಂತ ಕೂಗಿದ, ಬಾಯಿ ತುಂಬ ಬೇಸನ್.

ಕಾಕಾ ತೀರ್ಪು ಕೊಟ್ಟ: “ಸ್ಟೇರಿಂಗ್ ಬಿಟ್ಟ ಉಂಡಿ ತಿಂದು, ರೋಡಿಗೆ ಬೈತೀಯೇನೋ?”

೫. ಸರ್

ಮಾತಿಗೆ ತಪ್ಪುವವನಲ್ಲ ನನ್ನ ಮಾಮಾನ ಮಗ. ಮರುದಿನ ನಲ್ಲಿಯ ಹತ್ತಿರ, ನಾಕು ಹೆಂಗಸರ ಎದುರಿಗೆ, ಕತ್ತು ಬಗ್ಗಿಸಿ, “ನೀರ ತುಂಬಲೇನ್ರಿ ಸರ್?” ಅಂದ. ನಾನು ಕೈ ಹಿಂದೆ ಕಟ್ಟಿಕೊಂಡು “ತುಂಬು” ಅಂದೆ.

ಅದನ್ನು ಬಾಜೂ ಮನೆಯ ವೈನಿ ಕೇಳಿಸಿಕೊಂಡಳು. ಇಂಜಿನಿಯರಿಂಗ್ ಹುಡುಗನೇ ಸರ್ ಅನ್ನಬೇಕಾದರೆ ಈ ಹುಡುಗನ ತಲೆ ಎಂಥದಿರಬೇಕು! ತಾಸು ಕಳೆಯುವುದರೊಳಗೆ ತನ್ನ ಇಬ್ಬರು ಮಕ್ಕಳಿಗೆ ಎಣ್ಣೆ ಹಚ್ಚಿ, ತಲೆ ಬಾಚಿ, ಪಾಟಿಚೀಲ ಹಾಕಿ ನಮ್ಮ ಮನೆಗೆ ಕರೆತಂದಳು.

“ಇಷ್ಟ ದಿನಾ ನಿಮ್ಮನ್ನ ಉಡಾಳ ಅಂತಿದ್ನಿ, ತಪ್ಪಾತ್ರಿ. ಇವರಿಗೆ ಗಣಿತದ್ದ ಟ್ಯೂಷನ್ ಹೇಳ್ರಿ ಸರ್.”

ನಾನು ಫೇಲಾದದ್ದೇ ಗಣಿತದಲ್ಲಿ, ಅದೂ ಎರಡು ಸಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ ಗೋಡೆ ಕಡೆ ತಿರುಗಿದ. ನಾನು ಮಾತ್ರ ಗಂಭೀರವಾಗಿ ಮಕ್ಕಳನ್ನು ಚಾಪೆ ಮೇಲೆ ಕೂಡಿಸಿ, ಖುರ್ಚಿ ಎಳೆದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತೆ. ಆಮೇಲೆ ಕೊಡ ಇಳಿಸುತ್ತಿದ್ದ ಮಾಮಾನ ಮಗನನ್ನು ಕರೆದೆ.

“ಬಾ ಇಲ್ಲಿ. ಸಣ್ಣ ಹುಡುಗರಿಗೆಲ್ಲಾ ನಾನ ಯಾಕ ಹೇಳಲಿ? ಇವರಿಗೆ ಹದಿಮೂರರ ಮಗ್ಗಿ ನೀ ಹೇಳು. ತಪ್ಪಿದ್ರ ನಾ ನೋಡ್ಕೋತೀನಿ.”

ಅವನು ಹಲ್ಲು ಕಚ್ಚಿ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ವೈನಿಯನ್ನು ನೋಡಿದ. ರಜೆ ಮುಗಿಯಲು ಇನ್ನೂ ಎಂಟು ದಿನ ಇತ್ತು.

“ಹೂನ್ರಿ ಸರ್,” ಅಂದ.