ಡೌನ್ ಇಲ್ಲದ ತವರು

ಹಂಪಮ್ಮನ ತವರೂರಿನಲ್ಲಿ ಎಲ್ಲವೂ ಇತ್ತು. ಕಾಲುವೆ ಬಂದ ಮೇಲೆ ಭತ್ತದ ಗದ್ದೆಯಿತ್ತು, ಪಂಚಮಿಗೆ ಬೇವಿನ ಮರದ ಜೋಕಾಲಿಯಿತ್ತು, ಉಂಡಿ ಕಟ್ಟಿಟ್ಟು ದಾರಿ ಕಾಯುವ ಅವ್ವ ಇದ್ದಳು. ಇಲ್ಲದ್ದು ಒಂದೇ, ಡೌನು. ಆ ಒಂದು ಕೊರತೆಯಿಂದಾಗಿ ಆಕೆ ಬಾಣಂತನ ಮುಗಿಸಿ ಸುರಪುರಕ್ಕೆ ಬಂದವಳು ತಿರುಗಿ ತವರಿನ ಮುಖ ಕಂಡಿರಲಿಲ್ಲ.

ಡೌನಿಗೂ ತವರಿಗೂ ಏನು ಸಂಬಂಧ ಎಂದರೆ, ನಡುವೆ ಗಂಡ ಅಯ್ಯಣ್ಣನ ಪಿಕಪ್ ಗಾಡಿ ನಿಂತಿತ್ತು. (ನಿಂತಿತ್ತು ಎಂಬುದೇ ಸರಿಯಾದ ಮಾತು.) ಮೂರನೆಯ ಕೈಯ ಆ ಗಾಡಿಯಲ್ಲಿ ಅವನು ಶಹಾಪುರದ ಪೇಟೆಗೆ ಮೆಣಸಿನಕಾಯಿ ಸಾಗಿಸುತ್ತಿದ್ದ. ಚಾವಿ ತಿರುವಿದರೆ ಸೆಲ್ಫು ‘ಟಿಕ್’ ಎಂದು ಒಂದು ಮಾತಾಡಿ ಮೌನವ್ರತ ಹಿಡಿಯುತ್ತಿತ್ತು. ಇಳಿಜಾರಿನಲ್ಲಿ, ಅಂದರೆ ಡೌನಿನಲ್ಲಿ, ಉರುಳಿಸಿ, ಸೆಕೆಂಡ್ ಗೇರಿಗೆ ಹಾಕಿದರೆ ಮಾತ್ರ ಕೆಮ್ಮುತ್ತ, ಕರಿ ಹೊಗೆ ಉಗುಳುತ್ತ ಏಳುತ್ತಿತ್ತು. ಸುರಪುರ ಗುಡ್ಡದ ಊರು, ಓಣಿಗೊಂದು ಡೌನು. ಹೊರಗೆ ಹೋದಾಗ ಅಯ್ಯಣ್ಣ ಕಾಲುವೆಯ ಏರಿ ಹುಡುಕಿ ಅದರ ಮೇಲೆ ಗಾಡಿ ಬಿಟ್ಟು ನಡೆದುಹೋಗುತ್ತಿದ್ದ. ಏರಿ ಸಿಗದ ಕಡೆ ಎಂಜಿನ್ ಬಂದ್ ಮಾಡುತ್ತಲೇ ಇರಲಿಲ್ಲ. ಅವನು ಒಳಗೆ ಊಟ ಮಾಡುತ್ತಿದ್ದರೆ ಗಾಡಿ ಹೊರಗೆ ಮುನಿಸಿಕೊಂಡ ಬೀಗರಂತೆ ಗುರುಗುಟ್ಟುತ್ತಿತ್ತು.

ಹೀಗಾಗಿ ಅವನ ಬಳಗ ಎರಡು ಪಂಗಡವಾಗಿತ್ತು: ಡೌನಿದ್ದವರು, ಡೌನಿಲ್ಲದವರು. ಗುಡ್ಡದ ಬುಡದಲ್ಲಿದ್ದ ಯಾರೋ ದೂರದವರ ತೊಟ್ಟಿಲಿಗೂ ಹೋಗಿಬಂದ. ಬಯಲಿನಲ್ಲಿದ್ದ ಸ್ವಂತ ಸೋದರತ್ತೆಯ ಮಗನ ಮದುವೆ ತಪ್ಪಿಸಿದ. ಹಂಪಮ್ಮನ ತವರು ಹುಣಸಗಿಯ ಆಚೆ, ಅಂಗೈಯಂಥ ಬಯಲು. ಏರಿ ಊರಿನಿಂದ ದೂರ. ನಡುವೆ ಚಪ್ಪಲಿ ನುಂಗುವ ಕರಿಮಣ್ಣು.

ಬಸ್ಸಿಗಾದರೂ ಹೋಗುತ್ತೇನೆಂದರೆ, ಮನೆಯಲ್ಲಿ ಗಾಡಿ ಇಟ್ಟುಕೊಂಡು ಸೊಸೆ ಕೂಸನ್ನೆತ್ತಿಕೊಂಡು ಬಸ್ ಹತ್ತಿದರೆ ಮಂದಿ ಏನಂದಾರು ಎಂದು ಅತ್ತೆ ಪಾರ್ವತಿಬಾಯಿ ಅಡ್ಡ ನಿಂತರು.

“ನಿಮ್ಮೂರಾಗ ಡೌನ್ ಇಲ್ಲ, ನಾ ಏನ್ ಮಾಡ್ಲಿ?” ಎಂದ ಅಯ್ಯಣ್ಣ.

“ಗಾಡೀನೂ ನಿಮ್ಮಂಗ ಆಗೇತ್ರಿ. ಹಿಂದಿನಿಂದ ಯಾರರ ನೂಕಿದ್ರಷ್ಟ ಏಳ್ತೈತಿ.”

ಈ ಸಲದ ಪಂಚಮಿ ತವರಿನಲ್ಲೇ, ಎಂಟು ದಿನ ಜೋಕಾಲಿ, ಅವ್ವನ ಕೈ ಊಟ ಎಂದು ಹಂಪಮ್ಮ ನಿಶ್ಚಯಿಸಿದಳು. ಮೊದಲು ಗಾಡಿಯ ರೋಗವೇನೆಂದು ನೋಡಲು, ಕೂಸನ್ನು ಸೊಂಟಕ್ಕಿಟ್ಟುಕೊಂಡು ಅದನ್ನು ಹತ್ತಿದಳು. ಎಂಜಿನ್ ಚಾಲೂ ಇದ್ದಾಗಲೂ ಮೀಟರಿನ ಪಕ್ಕ ಬ್ಯಾಟರಿ ಗುರುತಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಇದು ಯಾಕೆ ಆರುವುದಿಲ್ಲ ಎಂದು ಕೇಳಿದಳು. ಉರಿಯುತ್ತಿದೆ ಎಂದರೆ ಬ್ಯಾಟರಿ ಜೀವಂತ ಇದೆ ಎಂದರ್ಥ, ಆರಿದರೆ ಚಿಂತೆ ಮಾಡಬೇಕು ಎಂದು ಅಯ್ಯಣ್ಣ ಪಂಡಿತನಂತೆ ಹೇಳಿದ. ಜೀವವಿದ್ದರೂ ಬಲವಿಲ್ಲ, ಹೊಸ ಬ್ಯಾಟರಿ ಬೇಕೆಂಬುದು ಅವನ ವಾದ. ದೃಷ್ಟಿಯಾಗಿದೆ ಎಂಬುದು ಅತ್ತೆಯ ವಾದ. ಬಂಪರಿಗೆ ಆಗಲೇ ನಿಂಬೆಹಣ್ಣು ಕಟ್ಟಿಯಾಗಿತ್ತು.

ಹಂಪಮ್ಮ ಕಾಲುವೆಯ ಕಟ್ಟಕಡೆಯ ಹೊಲದವನ ಮಗಳು. ಡ್ಯಾಮು ತುಂಬಿದ್ದರೂ ಅಪ್ಪನ ಹೊಲಕ್ಕೆ ನೀರು ಬಾರದಿದ್ದಾಗ ಅಪ್ಪ ಆಕಾಶ ನೋಡಿ ಕೂರುತ್ತಿರಲಿಲ್ಲ. ಕಾಲುವೆಗುಂಟ ನಡೆದುಹೋಗಿ, ನಡುವೆ ಯಾರು ಒಡ್ಡು ಹಾಕಿದ್ದಾರೆಂದು ಹುಡುಕುತ್ತಿದ್ದ. ಇಲ್ಲಿಯೂ ಅಷ್ಟೇ ಎನಿಸಿತು: ಡೈನಮೋ ಡ್ಯಾಮು, ವಯರು ಕಾಲುವೆ, ಬ್ಯಾಟರಿ ಅಪ್ಪನ ಹೊಲ. ಮೆಕ್ಯಾನಿಕ್ ಮಕ್ತುಮಸಾಬನನ್ನು ಕರೆಸಿದಳು. ಡೈನಮೋದಲ್ಲಿ ಕರೆಂಟು ಹುಟ್ಟುತ್ತಿದೆ, ಬೆಲ್ಟು ಸ್ವಲ್ಪ ಸಡಿಲ, ಅಷ್ಟೇ ಎಂದ ಅವನು.

“ಹಂಗಾರ ನಡುವ ಯಾರೋ ಒಡ್ಡು ಹಾಕ್ಯಾರ್ರಿ ಸಾಬ,” ಎಂದು ಹಂಪಮ್ಮ ವಯರಿಗುಂಟ ಬೆರಳಾಡಿಸುತ್ತ ಹೋದಳು. ಬ್ಯಾಟರಿಯ ಕೆಳಗೆ ಬೆರಳಿಗೊಂದು ಗಂಟು ಸಿಕ್ಕಿತು. ಹರಿದ ವಯರನ್ನು ಬಟ್ಟೆಯಿಂದ ಸುತ್ತಿ ಕಟ್ಟಿದ್ದ ಆ ಗಂಟಿನ ತುಂಬ ಹಸಿರು ಕಿಲುಬು. ಬಟ್ಟೆಯನ್ನು ಬಿಚ್ಚಿ ನೋಡಿದರೆ, ಹಿಂದಿನ ಮಳೆಗಾಲದಲ್ಲಿ ಹಗ್ಗದ ಮೇಲಿನಿಂದ ಮಾಯವಾಗಿದ್ದ ಅವಳದೇ ಲಂಗದ ಲಾಡಿ.

ಅಯ್ಯಣ್ಣ ನಿಂಬೆಹಣ್ಣನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. “ಅವತ್ತ ಟೇಪ್ ಸಿಕ್ಕಿದ್ದಿಲ್ಲ,” ಎಂದ.

ಹೊಸ ವಯರ್ ಬಿತ್ತು, ಬೆಲ್ಟು ಬಿಗಿಯಾಯಿತು. ಹೊಗೆಯ ಕಾರಣ ಹುಡುಕಲು ಏರ್ ಫಿಲ್ಟರ್ ಬಿಚ್ಚಿ ಬಡಿದರೆ ಒಳಗಿಂದ ಮೆಣಸಿನಕಾಯಿ ಘಾಟು ಎದ್ದು, ಮಕ್ತುಮಸಾಬನೊಂದಿಗೆ ಓಣಿಗೆ ಓಣಿಯೇ ಸೀನಿತು. ಆಮೇಲೆ ಚಾವಿ ತಿರುವಿದ್ದೇ ತಡ, ಎಂಜಿನ್ ಎದ್ದಿತು, ಕೆಂಪು ದೀಪ ಆರಿತು.

ಪಂಚಮಿಯ ಬೆಳಿಗ್ಗೆ ಹಂಪಮ್ಮ ಹೆರಿಗೆ ಆದವಳಷ್ಟು ಹಗುರಾಗಿ ತವರಿನಲ್ಲಿಳಿದಳು. ಅವ್ವ ಮೊಮ್ಮಗಳನ್ನು ಕಸಿದುಕೊಂಡಳು. ಉಂಡಿಗೆ ಕೈ ಹಾಕುತ್ತಲೇ ಅಯ್ಯಣ್ಣ ಅಂದ: “ಸಂಜೀಕ ಹೊಂಟ್ಬಿಡೂಣು. ಇನ್ನ ಗಾಡಿದೇನು ಚಿಂತಿ ಇಲ್ಲ, ಎಲ್ಲಿ ಬೇಕಾದಲ್ಲಿ ಏಳ್ತೈತಿ. ಬೆಳಗಾದ್ರ ಶಹಾಪುರದ ಲೋಡ್ ಐತಿ.”

ಹಂಪಮ್ಮ ಕೈಯಲ್ಲಿದ್ದ ಉಂಡಿಯನ್ನು ತಿರುಗಿ ಡಬ್ಬಿಗೆ ಹಾಕಿದಳು. ಈಗ ಗಾಡಿಗೆ ಇಲ್ಲಿ ನಿಲ್ಲಲು ನೆಪವಿಲ್ಲ. ಅದಕ್ಕಿದ್ದ ಒಂದೇ ನೆಪವನ್ನು ತಾನೇ ರಿಪೇರಿ ಮಾಡಿಸಿದ್ದಳು.

ಊಟವಾದ ಮೇಲೆ, ಕೂಸಿನ ಬಟ್ಟೆ ತರುವ ನೆವದಲ್ಲಿ ಗಾಡಿ ಹತ್ತಿ ಹೆಡ್‌ಲೈಟಿನ ಸ್ವಿಚ್ಚು ಎಳೆದು ಬಂದಳು. ಮಳೆ ತೊಳೆದ ಬಿಸಿಲು ಹೇಗಿತ್ತೆಂದರೆ, ಎರಡೂ ದೀಪ ಉರಿಯುತ್ತಿದ್ದುದು ನೊಣಕ್ಕೂ ಕಾಣಲಿಲ್ಲ.

ಸಂಜೆಯ ಹೊತ್ತಿಗೆ ಬ್ಯಾಟರಿ ಬರಿದಾಗಿತ್ತು. ಚಾವಿ ತಿರುವಿದರೆ, ‘ಟಿಕ್’. ಊರ ಗಂಡಸರೆಲ್ಲ ಸೇರಿ ನೂಕಿದರು. ಕರಿಮಣ್ಣು ಚಕ್ರ ಬಿಡಲಿಲ್ಲ. ಟ್ರ್ಯಾಕ್ಟರಿನಿಂದ ಎಳೆಸೋಣವೆಂದರೆ ಅಪ್ಪ ಚನ್ನಯ್ಯನ ಟ್ರ್ಯಾಕ್ಟರು ಆಚೆ ಊರಿಗೆ ಹೋಗಿತ್ತು. ಅಯ್ಯಣ್ಣ ಸೋತು, ಚಾವಿ ಗಾಡಿಯಲ್ಲೇ ಬಿಟ್ಟು, ಲೋಡಿಗೆ ಬೇರೆ ಗಾಡಿ ಗೊತ್ತುಮಾಡಬೇಕೆಂದು ಸುರಪುರದ ಬಸ್ ಹಿಡಿದ. ಪಂಚಮಿ ಮುಗಿಯಲಿ, ಮಕ್ತುಮಸಾಬನನ್ನು ಕರೆದುಕೊಂಡು ಬರುತ್ತೇನೆಂದ. ಹಂಪಮ್ಮ ಮುಖ ಸಣ್ಣದು ಮಾಡಿಕೊಂಡು ಬೀಳ್ಕೊಟ್ಟು, ನೇರ ಜೋಕಾಲಿಗೆ ಹೋಗಿ ಕೂತಳು.

ಎರಡು ಜೀಕು ಜೀಕಿದ್ದಳೋ ಇಲ್ಲವೋ, ಟ್ರ್ಯಾಕ್ಟರು ಬಂತು. ಚನ್ನಯ್ಯ ಅದರ ಬ್ಯಾಟರಿಯಿಂದ ಪಿಕಪ್ಪಿಗೆ ದಪ್ಪ ವಯರ್ ಎಳೆದು ಚಾವಿ ತಿರುವಿದ. ಗಾಡಿ ಗುಡುಗಿತು, ಎರಡೂ ದೀಪ ಝಗ್ಗೆಂದವು.

“ಲೈಟ್ ಯಾರ್ ಹಚ್ಚ್ಯಾರವಾ?”

“ಕೂಸು ಎಳದಿರಬೇಕಪ್ಪ,” ಎಂದಳು ಹಂಪಮ್ಮ. (ಕೂಸಿಗೆ ಇನ್ನೂ ಅಂಬೆಗಾಲೂ ಬಂದಿರಲಿಲ್ಲ.) ಆಮೇಲೆ ಮೆಲ್ಲಗೆ, “ಬಂದ್ ಮಾಡಪ್ಪ. ಎಂಟು ದಿನ ಆದಮ್ಯಾಲ ನೋಡೂಣು.”

“ಬಂದ್ ಮಾಡೂದ? ಕಡೀ ಹೊಲಕ್ಕ ನೀರು ಬಂದಾಗ ಯಾರರ ತೂಬು ಮುಚ್ಚ್ತಾರೇನವಾ? ಅಳಿಯಂದು ಬೆಳಗಿನ ಲೋಡ್ ಐತಿ. ಹತ್ತು, ಕೂಸಿನ್ನ ಕೊಡು.”

ಅವ್ವ ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟಳು. ಜೋಕಾಲಿ ಇನ್ನೂ ತಾನಾಗಿಯೇ ತೂಗುತ್ತಿತ್ತು.

ದಾರಿಯಲ್ಲಿ, ಹಳ್ಳಿಹಳ್ಳಿಗೆ ನಿಲ್ಲುತ್ತ ಹೋಗುತ್ತಿದ್ದ ಬಸ್ಸನ್ನು ಚನ್ನಯ್ಯ ಓಡಿಸುತ್ತಿದ್ದ ಗಾಡಿ ಹಿಂದೆ ಹಾಕಿತು. ಕಿಟಕಿಯಲ್ಲಿ ಅಯ್ಯಣ್ಣ ಬಾಯಿ ತೆರೆದು ನಿದ್ದೆ ಹೋಗಿದ್ದ.

ಅವನು ಮನೆ ಮುಟ್ಟುವ ಹೊತ್ತಿಗೆ ಪಿಕಪ್ಪು ಬಾಗಿಲಲ್ಲಿತ್ತು, ಮಾವ ಚನ್ನಯ್ಯ ಚಹಾ ಕುಡಿಯುತ್ತಿದ್ದ, ಪಾರ್ವತಿಬಾಯಿ ಅಕ್ಕಪಕ್ಕದವರನ್ನೆಲ್ಲ ಸೇರಿಸಿಕೊಂಡಿದ್ದರು.

“ಹಬ್ಬಕ್ಕ ತವರಿಗೆ ಹೋದಾಕಿ ಗಂಡನಕಿಂತ ಮೊದಲ ಬಂದು ಒಲಿ ಹಚ್ಯಾಳ ನೋಡ್ರಿ. ಈ ಮನಿ ಬಿಟ್ಟು ಜೀವ ಇರಂಗಿಲ್ಲ ಆಕೀಗಿ,” ಎಂದು ಸೊಸೆಯ ಕಡೆ ತಿರುಗಿದರು. “ಮುಂದಿನ ಪಂಚಮಿಗೂ ಹಿಂಗ ಮಾಡವಾ. ಮುಂಜಾನಿ ಹೋಗು, ಸಂಜೀಕ ಬಾ. ಗಾಡೀರ ಈಗ ಚೊಲೊ ಆಗೇತಿ.”