ದುಂಬಿಗೆ ಜೀವದಾನ

"ಕೂಡಿದ ಮಂಡಳಕ್ಕ ನಾನ ಅಧ್ಯಕ್ಷ ಆಗಲಿಲ್ಲಂದ್ರ, ನನ್ನ ಪಾಮ್ ಗಿಡಗೋಳಿಗೂ ಮಾರಿ ತೋರಸೂದಿಲ್ಲ ನೋಡು" ಅಂತ ಧನಪಾಲ ಚಹಾದ ಬಶಿ ಕೆಳಗಿಟ್ಟು ಪ್ರತಿಜ್ಞೆ ಮಾಡಿದ.

ಹೆಂಡತಿ ಇಂದುಬಾಯಿ ಅವಲಕ್ಕಿ ಹಸನ ಮಾಡಕೋತ, "ಗಿಡಕ್ಕ ಏನೂ ಅನಸೂದಿಲ್ರಿ. ನನಗ ದಿನಾ ತೋರಸಬೇಕಲ್ಲ, ಅದನ್ನ ವಿಚಾರ ಮಾಡ್ರಿ" ಅಂದ್ಲು.

ಸಾಂಗಲಿ, ಮಿರಜ, ಕುಪವಾಡ ಕೂಡಿ ಒಂದ ಮಹಾನಗರಪಾಲಿಕೆ ಆದ ಕಾಲ ಅದು. ಬೋರ್ಡ್ ಬದಲಾದ್ವು, ಕಚೇರಿ ಕಾಗದದ ಮ್ಯಾಲಿನ ಸಿಕ್ಕಾ ಬದಲಾದ್ವು. ಊರ ಒಂದಾದ ಮ್ಯಾಲೆ ಪಾಮ್ ಗಿಡದ ಹುಚ್ಚರು ಬ್ಯಾರೆ ಬ್ಯಾರೆ ಇದ್ರ ಚಂದ ಕಾಣತೈತೇನು? ಅಲ್ಲೀತನಕ ಸಾಂಗಲಿಗೊಂದು ಪಾಮ್ ಪ್ರೇಮಿ ಮಂಡಳ, ಮಿರಜಕ್ಕೊಂದು. ಇವರ ಗಿಡಾ ನೋಡಿ ಅವರು ಮೂಗ ಮುರಿಯೂದು, ಅವರ ಗಿಡಾ ಇವರು ನೋಡ್ದನ ಮೂಗ ಮುರಿಯೂದು. ಈಗ ಎರಡೂ ಕೂಡೂದಂತ ಆತು. ಯಾರ ಹಿತ್ತಲದಾಗ ಗಿಡಾ ರೋಗಿಲ್ದ ನಿಂತಾವೋ ಅವರ ಅಧ್ಯಕ್ಷರು ಅಂತ ಠರಾವು. ಮೊದಲನೇ ಸಭಾ ಸಾಂಗಲಿ ವಿಶ್ರಾಮಬಾಗದಾಗ, ಧನಪಾಲನ ಹಿತ್ತಲದಾಗ.

ಧನಪಾಲನ ಗಿಡ ಚಲೋ ಇದ್ದದ್ದು ಸುಳ್ಳಲ್ಲ. ಬ್ಯಾರೇದವರಿಗೆಲ್ಲಾ ಕಾಡೂದು ಒಂದ ಪಿಡುಗು: ಮೂಗಿನ ಮ್ಯಾಲೆ ಕೋಡಿರೂ ಕರೇ ದುಂಬಿ. ಅದು ಗಿಡದ ಸುಳಿಗೆ ತೂತು ಕೊರೀತೈತಿ. ಪಾಮ್ ಗಿಡಕ್ಕ ಇರೂದು ಒಂದ ಸುಳಿ. ಸುಳಿ ಹೋತಂದ್ರ ಗಿಡ ಹೋತು. ಮಂದಿ ಔಷಧ ಹಾಕಿ ದುಂಬಿ ಕೊಲ್ತಿದ್ರು. ಧನಪಾಲ ಜೈನ, ಇರವಿ ಸಹಿತ ನೋಡಿ ಕಾಲ ಇಡಾಂವ. ಅವ ಸೈಕಲ್ ಕಡ್ಡಿ ಬಗ್ಗಿಸಿ, ತುದಿ ಮೊಂಡ ಮಾಡಿ, ಕಿವ್ಯಾಗಿನ ಕೊಳಿ ತಗದಂಗ ಒಂದೊಂದ ದುಂಬೀನ ಜೋಪಾನ ಹೊರಗ ತಗೀತಿದ್ದ. ಆಮ್ಯಾಲೆ ಡಬ್ಬಿಯೊಳಗ ಹಾಕಿ, ಉಸರಾಡ್ಲಿ ಅಂತ ಮುಚ್ಚಳಕ್ಕ ತೂತ ಹೊಡದು, ಸ್ಕೂಟರ್ ಮ್ಯಾಲೆ ಮಿರಜ ಕಡೆ ಒಯ್ದು ಬಿಟ್ಟು ಬರ್ತಿದ್ದ. ಬರೂ ಮುಂದ ಮಾರಿ ಮ್ಯಾಲೆ ಎಂಥಾ ತೇಜಸ್ಸು ಅಂತೀರಿ!

ಸಭಾದ ದಿನ ಎರಡೂ ಮಂಡಳದವ್ರು ಬಂದ್ರು. ಹೊತ್ತ ಮುಳಗೂದ್ರೊಳಗ ಊಟ ಮುಗೀಬೇಕಂತ ಇಂದುಬಾಯಿ ಮೊದಲ ಬಡಿಸಿಬಿಟ್ಲು. ಉಂಡ ಮಂದಿ ಹಿತ್ತಲದಾಗ ತಿರಿಗ್ಯಾಡಿ ಗಿಡದ ಸುಳಿ ಎತ್ತಿ ಎತ್ತಿ ನೋಡಿದ್ರು. ಎಲ್ಲೂ ಒಂದ ತೂತಿಲ್ಲ. ಸಾಂಗಲಿಯವರು ಎದಿ ಉಬ್ಬಿಸಿದ್ರು. ಮಿರಜದವರಿಗೂ ಮೂಗ ಮುರಿಯಾಕ ಜಾಗಾ ಸಿಗಲಿಲ್ಲ.

ಮಿರಜ ಮಂಡಳದ ಹಿರಿಯಾ ಮಹಾಲಿಂಗಪ್ಪ ಮಾತ್ರ ಒಂದ ಗಿಡದ ಬುಡಕ ಸುಮ್ನ ನಿಂತಿದ್ದ. "ಧನಪಾಲ, ಅಧ್ಯಕ್ಷ ನೀನ ಆಗಪಾ, ನನ್ನ ತಕರಾರಿಲ್ಲ. ಬೀಜ ಹಾಕಿ ಬೆಳಸಿದ್ದ ಗಿಡ ಇತ್ತು ನನ್ದು, ಇದ ಜಾತೀದು. ಮನಿ ಮಾಳಗಿ ದಾಟಿತ್ತು. ಈ ಬ್ಯಾಸಗ್ಯಾಗ ದುಂಬಿ ಕೊರದು ಸುಳಿ ಕೊಳತು ಕೈಯಾಗ ಬಂತು. ದಿನಾ ಮುಂಜಾನೆದ್ದು ಅದರ ಕಡೆ ನೋಡೂ ಚಟ ಇನ್ನೂ ಹೋಗಿಲ್ಲ" ಅಂದ. ಮುದುಕ ಗಿಡದ ಬೊಡ್ಡಿ ಮ್ಯಾಲೆ ಕೈ ಆಡಿಸಿದ. "ಉಳದ ಗಿಡಾನರ ಉಳಸಕೋತೀನಿ. ನೀ ಏನ್ ಮಾಡ್ತಿ, ಹೇಳು."

ಧನಪಾಲಗ ಇದಕ್ಕಿಂತ ಚಲೋ ವ್ಯಾಳೇ ಮತ್ತ ಬರೂದಿತ್ತೇನು? ಕುರ್ಚಿ ಮ್ಯಾಲೆ ನಿಲ್ಲೂದೊಂದ ಬಾಕಿ. "ಕಾಕಾ, ಅಹಿಂಸಾ! ನಾ ಒಂದ ದುಂಬೀನೂ ಕೊಂದಾಂವಲ್ಲ. ಜ್ವಾಕಿ ಮಾಡಿ ತಗದು ಜೀವದಾನ ಕೊಡ್ತೀನಿ" ಅಂದ. ಕಡ್ಡಿ ತೋರಿಸಿದ, ಡಬ್ಬಿ ತೋರಿಸಿದ. ಮಂದಿ ವಾಹ್ವಾ ಅಂದ್ರು.

"ಚಲೋ ಆತು. ಎಲ್ಲೆ ಬಿಡ್ತಿ?"

"ಮಿರಜ ದಾರ್‍ಯಾಗ ಒಂದ ತಿಪ್ಪಿ ಐತ್ರಿ. ಹಳೇ ಬಾವಿ ಬಾಜೂಕ, ಹುಣಸಿ ಗಿಡದ ಕೆಳಗ. ಶಗಣಿ ಗೊಬ್ಬರ ಭರಪೂರ. ಅಲ್ಲೆ ಅವು ಸುಖಾಗಿ ತತ್ತಿ ಇಟ್ಟು, ಮಕ್ಕಳು ಮರಿ..."

ಮಿರಜದವರೆಲ್ಲಾ ಮಹಾಲಿಂಗಪ್ಪನ ಕಡೆ ನೋಡಾಕತ್ತಿದ್ರು.

"ಅದು ನನ್ನ ತಿಪ್ಪಿ" ಅಂದ ಮಹಾಲಿಂಗಪ್ಪ. "ತಿಪ್ಪಿ ಹಿಂದಿನ ಗ್ವಾಡಿ ಆಚಿಗೆ ನನ್ನ ತೋಟ."

ಧನಪಾಲ ಡಬ್ಬಿ ಬೆನ್ನ ಹಿಂದ ಹಿಡದ. "ನಾ... ಒಂದೂ ಹುಳಾ ಕೊಂದಿಲ್ರಿ ಕಾಕಾ" ಅಂದ, ಮತ್ತ ಅದನ್ನ.

"ಹುಳಾ ಕೊಂದಿಲ್ಲ, ಖರೆ" ಅಂದ ಮುದುಕ. ಬೈದಿದ್ರ ಧನಪಾಲಗ ಎಷ್ಟೋ ಹಗುರಾಗ್ತಿತ್ತು.

ಬೈದಾಕಿ ಇಂದುಬಾಯಿ. "ಗಿಡದಾಗೂ ಜೀವ ಐತಿ ಅಂತ ಮುನಿ ಮಹಾರಾಜ್ರು ಪ್ರವಚನ ಹೇಳೂ ಮುಂದ, ಮುಂದಿನ ಸಾಲಿನ್ಯಾಗ ಕುಂತು ಗೋಣ ಹಾಕಿದಾವ್ರು ಯಾರ್ರಿ?"

ಸಾಂಗಲಿಯವರು ನೆಲಾ ನೋಡಿದ್ರು. ಕೂಡಬೇಕಾದ ಮಂಡಳ ಮತ್ತ ಹರೀತೈತಿ ಅಂತ ಎಲ್ಲಾರಿಗೂ ಅನಸ್ತು. ಧನಪಾಲ ಕೈ ಮುಗದು, "ಅಧ್ಯಕ್ಷಗಿರಿ ನನಗ ಬ್ಯಾಡ್ರಿ. ತಪ್ಪಾತು. ಕಾಕಾರ ಗಿಡ ತಿರಗಿ ಬರೂದಿಲ್ಲ, ನಾ ಏನ್ ಮಾಡ್ಲಿ ಹೇಳ್ರಿ" ಅಂದ. ಈ ಸಲ ದನ್ಯಾಗ ಡೌಲು ಇರಲಿಲ್ಲ.

ಮಹಾಲಿಂಗಪ್ಪ ಆ ಕಡ್ಡಿ ತಗೊಂಡು ತುದಿ ಮುಟ್ಟಿ ನೋಡಿದ. "ಕೈ ಹಗುರ ಐತಿ ನಿನ್ದು. ಅಧ್ಯಕ್ಷ ನೀನ ಆಗು. ಆದ್ರ ಎಲ್ಲಾರ ಗಿಡದ ದುಂಬಿ ನೀನ ತಗೀಬೇಕು. ನನ್ನ ತೋಟದಿಂದ ಸುರು ಮಾಡು" ಅಂದ. ಮಂದಿ ಚಪ್ಪಾಳಿ ಹೊಡದ್ರು. ಎರಡೂ ಮಂಡಳ ಒಂದಾದ್ವು.

ಮುಂದಿನ ಐತವಾರ ಹೊಸಾ ಅಧ್ಯಕ್ಷರು ಮಿರಜಕ್ಕ ಹೋಗಿ, ಬಿಸಲಾಗ ನಿಚ್ಚಣಿಕಿ ಏರಿ ಇಳದು, ಡಬ್ಬಿ ತುಂಬಿಸಿಕೊಂಡು ಮನಿಗೆ ಬಂದ್ರು. ಒಳಗ ದುಂಬಿ ಗುರ್ ಅನ್ನಾಕತ್ತಿದ್ವು.

"ಈಗ ಎಲ್ಲೆ ಬಿಡ್ತೀರಿ?" ಅಂದ್ಲು ಇಂದುಬಾಯಿ.

"ಕುಪವಾಡ ಕಡೆ..."

"ಅಲ್ಲಿಯವ್ರೂ ಮೊನ್ನೆ ಮಂಡಳಕ್ಕ ಸೇರ್‍ಯಾರು."

"ಬುಧಗಾಂವ?"

"ಮುಂದಿನ ತಿಂಗಳ ಸೇರ್ತಾರಂತ."

"ಸಲಗರೆ ದೂರ ಆತಲ್ಲ, ಅಲ್ಲೆ..."

"ಅಲ್ಲೆ ನನ್ನ ಅಣ್ಣ ತೆಂಗ ಹಾಕ್ಯಾನ. ಒಯ್ದು ನೋಡ್ರಿ."

ಧನಪಾಲ ಕಟ್ಟಿ ಮ್ಯಾಲೆ ಕುಂತ. ಮೊದಲ ಸಾಂಗಲಿ ದಾಟಿದ್ರ ಸಾಕು, ಅದು ಹೊರಗ ಅನಸ್ತಿತ್ತು. ಈಗ ಎತ್ತಾಗ ನೋಡಿದ್ರೂ ಯಾರದೋ ಹಿತ್ತಲ, ಯಾರದೋ ಮುಂಜಾನಿ. ಹೊರಗ ಅನ್ನೂ ಜಾಗಾನ ಉಳದಿರಲಿಲ್ಲ. ಕಡೀಕ ಎದ್ದು, ತನ್ನ ಹಿತ್ತಲದ ಗೊಬ್ಬರದ ಗುಂಡಿಗೆ ಹೋಗಿ ಮುಚ್ಚಳ ತಗದ. ದುಂಬಿ ಒಂದೊಂದಾಗಿ ಹೊರಗ ಬಂದು, ಅವನ ಪಾಮ್ ಗಿಡಗೋಳ ಕಡೆ ಕೋಡ ಎತ್ತಿ ನೋಡಿದ್ವು. ಅವನ ಕಣ್ಣಾಗ ನೀರ ಬಂತು.

ಇಂದುಬಾಯಿ ಬಂದು ಬಾಜೂಕ ನಿಂತ್ಲು. "ಇದು ನೋಡ್ರಿ ಅಹಿಂಸಾ ಅಂದ್ರ" ಅಂದ್ಲು. "ಇಷ್ಟ ದಿನಾ ಮಾಡಿದ್ದು ಪಾರ್ಸಲ್."