ತಿಪ್ಪೇರುದ್ರ ಭಾವನ ಹುಲ್ಲಿನ ಫಿರಂಗಿ

ಟ್ರ್ಯಾಕ್ಟರಿನ ನೀರಿನ ಟ್ಯಾಂಕಿಗೆ ಹೊದಿಸಿದ್ದ ಸೀರೆಯನ್ನು ನಮ್ಮ ತಿಪ್ಪೇರುದ್ರ ಭಾವ ಸರ್ರನೆ ಎಳೆದಾಗ ಇಡೀ ಗಣಿ ಕಾಲೊನಿ ಚಪ್ಪಾಳೆ ತಟ್ಟಿತು. ನಾನೊಬ್ಬಳು ತಟ್ಟಲಿಲ್ಲ. ಆ ಸೀರೆ ನಾನು ಅಕ್ಕನಿಗೆ ಹಬ್ಬಕ್ಕೆ ಕೊಟ್ಟಿದ್ದು!

ಈಗ ಆ ಕಾಲೊನಿಯೂ ಇಲ್ಲ, ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನರೂ ಇಲ್ಲ. ನೆನೆದರೆ ಅಳುವೂ ನಗುವೂ ಒಟ್ಟಿಗೇ ಬರುತ್ತವೆ. ಅದಿರು ತೆಗೆದು ಉಳಿದ ಮಣ್ಣನ್ನು ನಮ್ಮ ಮನೆಗಳ ಬೆನ್ನಿಗೇ ಗುಡ್ಡದಂತೆ ಸುರಿದಿದ್ದರು. ಅದರ ಮೇಲೆ ಒಂದು ಹುಲ್ಲುಕಡ್ಡಿ ಇರಲಿಲ್ಲ. ಗಾಳಿ ಬೀಸಿದರೆ ಅನ್ನದಲ್ಲೂ ಕೆಂಧೂಳು, ಹಾಸಿಗೆಯಲ್ಲೂ ಕೆಂಧೂಳು. ಬಿಳಿ ಬಟ್ಟೆ ಎನ್ನುವುದನ್ನು ನಾವು ಪೇಟೆಯ ಅಂಗಡಿಯಲ್ಲಿ ಮಾತ್ರ ನೋಡುತ್ತಿದ್ದೆವು.

ಆ ಧೂಳು ನನ್ನಕ್ಕ ಹಂಪಮ್ಮನ ಎದೆ ಹಿಡಿದಿತ್ತು. ಆಷಾಢದ ಗಾಳಿ ಶುರುವಾಗುವುದರೊಳಗೆ ಆಕೆ ಊರು ಬಿಡಲೇಬೇಕು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮೂವತ್ತು ವರ್ಷ ಬಾಳಿದ ಮನೆ ಬಿಡಲು ಅಕ್ಕ ತಯಾರಿಲ್ಲ. ಅಳುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ಅಳುತ್ತಿದ್ದಳು. ಗಣಿಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದ ಭಾವನಿಗೆ ಅದನ್ನು ನೋಡಲಾಗಲಿಲ್ಲ. ಆ ಗುಡ್ಡಕ್ಕೆ ಹುಲ್ಲು ಹೊದಿಸಿಯೇ ಸಿದ್ಧ ಎಂದು ಟ್ರ್ಯಾಕ್ಟರಿನ ಟ್ಯಾಂಕಿಗೆ ಪಂಪು, ಪೈಪು ಜೋಡಿಸಿ ಯಂತ್ರ ಕಟ್ಟಿದರು.

ಟ್ಯಾಂಕಿನೊಳಗೆ ಹುಲ್ಲಿನ ಬೀಜ, ನೆನೆಸಿ ಅರೆದ ಹಳೇ ಪೇಪರು, ಸಗಣಿ, ಅಂಟಿಗೆ ಅಂತ ಮನೆಮನೆಯಿಂದ ಬೇಡಿ ತಂದ ಗಂಜಿ. ಈ ಅಂಬಲಿಯನ್ನು ಪೈಪಿನಲ್ಲಿ ಎರಚಿದರೆ ಬೀಜ ಮಣ್ಣಿಗೆ ಅಂಟಿಕೊಂಡು ಮೊಳೆಯಬೇಕು. ಅಷ್ಟಕ್ಕೇ ನಿಲ್ಲಿಸುವ ಆಸಾಮಿಯೇ ನಮ್ಮ ಭಾವ? ತಾವೇ ಕಂಡುಹಿಡಿದ ಪುಡಿಯೊಂದನ್ನೂ ಬೆರೆಸಿದ್ದರು. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಹುಲ್ಲು ಮೊಳಕಾಲುದ್ದ ಬರುತ್ತದಂತೆ! ಪೈಪಿನ ತುದಿಗೊಂದು ಗಾಜಿನ ಕಣ್ಣು ಬೇರೆ. ಬೋಳು ನೆಲ ಕಂಡಲ್ಲಿ ಅದೇ ಗುರಿಯಿಟ್ಟು ಹೊಡೆಯುತ್ತದಂತೆ.

ಭಾವ ಗುಡ್ಡದಿಂದ ಒಂದು ಹಿಡಿ ಕೆಮ್ಮಣ್ಣು ತಂದು ಆ ಕಣ್ಣಿನ ಮುಂದೆ ಹಿಡಿದರು.

"ನೋಡ್ಕೊಪಾ. ಈ ಬಣ್ಣ ಎಲ್ಲಿ ಕಾಣ್ತೈತೋ ಅದು ಬೋಳು ನೆಲ. ಒಂದು ಗೇಣೂ ಬಿಡಬ್ಯಾಡ" ಎಂದು ಪಾಠ ಹೇಳಿ ಗುಂಡಿ ಒತ್ತಿದರು.

ಪೈಪು ಗುಡ್ಡದ ಕಡೆ ತಿರುಗತೊಡಗಿತು. ದಾರಿಯಲ್ಲಿ ಭಾವನ ಸ್ಕೂಟರು ಕಂಡಿತು. ಗಕ್ಕನೆ ನಿಂತು, ಅದಕ್ಕೆ ಭಸ್ಸೆಂದು ಅಂಬಲಿ ಹೊಡೆಯಿತು. ಆಮೇಲೆ ನಮ್ಮ ಗೋಡೆ. ಆಮೇಲೆ ತಗಡಿನ ಛಾವಣಿ, ತಂತಿಯ ಮೇಲೆ ಒಣಗಿಸಿದ್ದ ಬಟ್ಟೆ, ಓಡುತ್ತಿದ್ದ ಫೋರ್‌ಮನ್ ಚೌಡಯ್ಯನವರ ಪಂಚೆ. ನನಗೆ ತಟ್ಟನೆ ಹೊಳೆಯಿತು. ಮೂವತ್ತು ವರ್ಷ ಧೂಳು ಕುಡಿದ ನಮ್ಮ ಕಾಲೊನಿಯಲ್ಲಿ ಆ ಬಣ್ಣ ಇಲ್ಲದ್ದು ಯಾವುದಿತ್ತು?

"ಬಂದ್ ಮಾಡ್ರಿ ಭಾವ! ಅದಕ್ಕ ನಾವೂ ಗುಡ್ಡಾನೂ ಒಂದೇ ಕಾಣಾಕತ್ತೀವಿ."

"ಬಂದ್ ಮಾಡೋ ಗುಂಡಿ ಇಟ್ಟಿಲ್ಲ ನಾಗವೇಣಿ. ಶುರು ಮಾಡಿದ ಕೆಲಸ ನಾನು ಯಾವತ್ತು ನಡುವ ಬಿಟ್ಟೀನಿ?"

ಪುಡಿ ಮಾತ್ರ ಸುಳ್ಳು ಹೇಳಲಿಲ್ಲ. ಚಹಾ ಆರುವ ಮೊದಲೇ ಗೋಡೆಗಳು ಹಸಿರಾದವು, ಸ್ಕೂಟರಿಗೆ ಗಡ್ಡ ಬಂತು. ಚೌಡಯ್ಯನವರು ಮೈತುಂಬ ಹುಲ್ಲು ಹೊತ್ತು ನಿಂತಲ್ಲೇ ನಿಂತಿದ್ದರು, ಎಮ್ಮೆಯೊಂದು ಅವರನ್ನೇ ನೋಡುತ್ತಿತ್ತು. ಇಡೀ ಕಾಲೊನಿಗೆ ಹೊದಿಸಿ ಟ್ಯಾಂಕು ಖಾಲಿಯಾಯಿತು. ಗುಡ್ಡಕ್ಕೆ ಒಂದು ಹನಿಯೂ ಉಳಿದಿರಲಿಲ್ಲ.

ಭಾವ ಮೆಟ್ಟಿಲ ಮೇಲೆ ಕುಸಿದು ಕೂತರು. ಅಷ್ಟು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ. ಬಾಯಿಗೆ ಬಂದಿದ್ದ ಬೈಗುಳವನ್ನೆಲ್ಲ ನಾನು ನುಂಗಿಕೊಂಡೆ. ಅಕ್ಕ ಒಳಗೆ ಹೋಗಿ ಟ್ರಂಕು ತುಂಬತೊಡಗಿದಳು.

ಹೊರಡುವ ದಿನ ಬೆಳಿಗ್ಗೆಯೇ ಆಷಾಢದ ಗಾಳಿ ಎದ್ದಿತು. ಗುಡ್ಡದಿಂದ ಕೆಂಧೂಳು ಗೋಡೆಯಂತೆ ಎದ್ದು ಬಂತು. ಅಕ್ಕ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಬಾಗಿಲಲ್ಲಿ ನಿಂತಳು. ಧೂಳೆಲ್ಲ ಛಾವಣಿಯ ಹುಲ್ಲಿಗೆ, ಗೋಡೆಯ ಹುಲ್ಲಿಗೆ ಸಿಕ್ಕಿಬಿದ್ದು ಅಲ್ಲೇ ಉಳಿಯಿತು. ನಾವೆಲ್ಲ ಅಕ್ಕನ ಕೆಮ್ಮಿಗೆ ಕಾಯುತ್ತಾ ನಿಂತೆವು. ಬರಲಿಲ್ಲ. ಅಕ್ಕ ಮೆಲ್ಲಗೆ ಸೆರಗು ತೆಗೆದಳು, ಎದೆ ತುಂಬ ಉಸಿರೆಳೆದಳು.

"ಟ್ರಂಕು ಒಳಗ ಇಡ್ರಿ" ಅಂದಳು.

ಆಮೇಲೆ ಹನ್ನೊಂದು ವರ್ಷ ನನ್ನಕ್ಕ ಅದೇ ಮನೆಯಲ್ಲಿ ಬಾಳಿದಳು. ಸುಣ್ಣ ಬಳಿಯುವ ಕಾಟವೂ ತಪ್ಪಿತು. ತಿಂಗಳಿಗೊಮ್ಮೆ ಗೋಡೆ ಮೇಯಲು ಕುರಿ ಕರೆಸುತ್ತಿದ್ದೆವು. ಛಾವಣಿಗೆ ಮಾತ್ರ ಮೇಕೆಯೇ ಆಗಬೇಕಿತ್ತು.